ಕಿರುನಾಟಕ: ಕಥೆ ಎಲ್ಲಿ ಕೂತಿರುತ್ತದೆ?

ಪ್ರೀತಿ, ಸಂಸಾರ, ದಿನನಿತ್ಯದ ಬದುಕು ಇವುಗಳ ಸುತ್ತ ಹೆಣೆದ ಇಂದಿನ ಕಿರುನಾಟಕಗಳ ಬಗ್ಗೆ ಕಾಸರಗೋಡು ಜಿಲ್ಲೆಯ ಓದುಗರು ಕಳಿಸಿದ ನಾಲ್ಕು ಪ್ರಶ್ನೆಗಳಿಗೆ ಈ ಸಲ ಉತ್ತರ.

ಪ್ರಶ್ನೆ: ನಮ್ಮೂರ ವಾಚನಾಲಯದ ವಾರ್ಷಿಕೋತ್ಸವದಲ್ಲಿ 25 ನಿಮಿಷದ ಒಂದು ನಾಟಕ ನೋಡಿದೆ. ವಯಸ್ಸಾದ ಗಂಡ ಹೆಂಡತಿ ಅಡಿಕೆ ಸುಲಿಯುತ್ತಾ ಕರೆಂಟ್ ಬಿಲ್ಲು, ಪಂಪಿನ ರಿಪೇರಿ ಎಂದು ಮಾತಾಡುತ್ತಾರೆ. ಗಲ್ಫಿನಲ್ಲಿರುವ ಮಗನ ಬಗ್ಗೆ ಒಂದೇ ಒಂದು ಮಾತು, ಅದನ್ನೂ ಗಂಡ ತಡೆಯುತ್ತಾನೆ. ಶುರುವಿಗೆ ಹೆಂಡತಿ ಮೂರು ಲೋಟ ಚಹಾ ತಂದು, ಒಂದನ್ನು ಹಾಗೇ ಒಳಗೆ ಕೊಂಡುಹೋಗುತ್ತಾಳೆ. ಕೊನೆಗೆ ಎರಡೇ ಲೋಟ ತರುತ್ತಾಳೆ. ಗಂಡ ‘ಇನ್ನೊಂದೆಲ್ಲಿ?’ ಅನ್ನುತ್ತಾನೆ, ದೀಪ ಆರುತ್ತದೆ. ಪಕ್ಕದವರೆಲ್ಲ ‘ಇದರಲ್ಲಿ ಕಥೆ ಎಂತದು?’ ಅಂದರು. ನನಗೂ ಹೊಳೆಯಲಿಲ್ಲ. ಆದರೆ ಆ ಲೋಟ ಮಾತ್ರ ಮನಸ್ಸಿನಿಂದ ಹೋಗುತ್ತಿಲ್ಲ.
— ಪೆರ್ಲದ ಓದುಗರು

ಉತ್ತರ: ಕಥೆಯನ್ನು ನೀವೇ ಬರೆದು ಕಳಿಸಿದ್ದೀರಿ. ಅದು ಆ ಎರಡು ಸಲದ ಚಹಾದ ನಡುವೆ ಇದೆ. ಶುರುವಿನಲ್ಲಿ ಮಗನಿಗಾಗಿ ಕಾಯುತ್ತಿದ್ದವಳು ಹೆಂಡತಿ, ಕೈ ತಪ್ಪಿ ಮೂರನೆಯ ಲೋಟ ತುಂಬಿದವಳು ಅವಳು. ಗಂಡ ಅದನ್ನು ಕಂಡೂ ಕಾಣದವನಂತೆ ಕೂತಿದ್ದ. ಕೊನೆಗೆ ಅವಳು ಆಸೆ ಬಿಟ್ಟಿದ್ದಾಳೆ, ಎರಡೇ ಲೋಟ ತಂದಿದ್ದಾಳೆ. ಈಗ ಕಾಯಲು ಶುರುಮಾಡಿದವನು ಅವನು. ಇಬ್ಬರೂ ತಮ್ಮ ಜಾಗ ಅದಲುಬದಲು ಮಾಡಿಕೊಂಡಿದ್ದಾರೆ, ಅದೂ ಒಬ್ಬರಿಗೊಬ್ಬರು ಹೇಳಿಕೊಳ್ಳದೆ. ಪಂಪು ರಿಪೇರಿಯ ಮಾತಿನ ಅಡಿಯಲ್ಲಿ ನಡೆದದ್ದು ಇದು. ಇದಕ್ಕಿಂತ ದೊಡ್ಡ ಕಥೆ 25 ನಿಮಿಷಕ್ಕೆ ಬೇಕಾಗಿಲ್ಲ.

ನಿಮ್ಮ ಪಕ್ಕದವರಿಗೆ ಇದು ಸಿಕ್ಕದೆ ಹೋದದ್ದಕ್ಕೆ ಕಾರಣ ಉಂಟು. ಯಕ್ಷಗಾನ ಕವಿ ಕುಂಬಳೆಯ ಪಾರ್ತಿಸುಬ್ಬನ ನೆಲ ನಮ್ಮದು. ವೇಷವಿಲ್ಲದೆ ಕೂತು ಮಾತಿನಲ್ಲೇ ಕಥೆ ನಡೆಸುವ ತಾಳಮದ್ದಳೆಯ ಅರ್ಥ, ಅಂದರೆ ಪಾತ್ರಗಳ ಮಾತು, ಕೇಳಿ ಪಳಗಿದ ಕಿವಿಗೆ, ಪಾತ್ರವು ತನ್ನ ಮನಸ್ಸನ್ನು ತಾನೇ ಬಿಡಿಸಿ ಬಿಡಿಸಿ ಹೇಳುವುದು ರೂಢಿ. ಅಲ್ಲಿ ಕರ್ಣನ ದುಃಖವನ್ನು ಕರ್ಣನ ಬಾಯಿಂದಲೇ ಮುಕ್ಕಾಲು ಗಂಟೆ ಕೇಳಬಹುದು. ಅದರ ಸೊಗಸೇ ಬೇರೆ. ಇಂದಿನ ಕಿರುನಾಟಕ ಇದರ ತದ್ವಿರುದ್ಧ ದಾರಿ ಹಿಡಿಯುತ್ತದೆ. ಪಾತ್ರ ಬಾಯಲ್ಲಿ ಬಿಲ್ಲಿನ ಮಾತಾಡುತ್ತದೆ, ಮನಸ್ಸು ಕೈಯಲ್ಲಿರುತ್ತದೆ. ಹಾಗಾಗಿ ಕಿವಿಯಷ್ಟೇ ಕಣ್ಣನ್ನೂ ತೆರೆದಿಡಬೇಕು.

ಮುಂದಿನ ಸಲ ಹೀಗೆ ನೋಡಿ. ಮೊದಲ ಎರಡು ಮೂರು ನಿಮಿಷದಲ್ಲಿ ರಂಗದ ಮೇಲೆ ಏನೇನಿದೆ ಎಂದು ಕಣ್ಣಲ್ಲೇ ಎಣಿಸಿಕೊಳ್ಳಿ. ಸಣ್ಣ ನಾಟಕದಲ್ಲಿ ಅಲಂಕಾರಕ್ಕೆಂದು ಸಾಮಾನು ಇಡುವುದಿಲ್ಲ. ಎರಡನೆಯ ಸಲ ಕಾಣಿಸಿಕೊಂಡ ವಸ್ತುವನ್ನು ಬಿಡಬೇಡಿ: ಮೊದಲು ಹೇಗಿತ್ತು, ಈಗ ಹೇಗಿದೆ? ನಡೆಯುತ್ತಿರುವ ಕೆಲಸ ಎಲ್ಲಿ ನಿಂತಿತು ಎಂಬುದು ಇನ್ನೂ ಮುಖ್ಯ. ನೀವು ನೋಡಿದ ನಾಟಕದಲ್ಲಿ ಅಡಿಕೆ ಸುಲಿಯುವ ಕೈ ಎಲ್ಲಾದರೂ ಒಮ್ಮೆ ನಿಂತಿರಲೇಬೇಕು, ನೆನಪು ಮಾಡಿ ನೋಡಿ. ಬಹುಶಃ ಮಗನ ಮಾತು ಬಂದಾಗ. ತಿರುವು ಇರುವುದು ಅಲ್ಲೇ. ‘ಸಂದೇಶ ಏನು’ ಎಂದು ಹುಡುಕುತ್ತಾ ಕೂತರೆ ಮಾತ್ರ ಇದೊಂದೂ ಕಾಣುವುದಿಲ್ಲ.

ಪ್ರಶ್ನೆ: ನಾವು ಎಂಟು ಮಂದಿ ಹೆಂಗಸರು ತಿಂಗಳಿಗೊಮ್ಮೆ ಸೇರಿ ಪುಸ್ತಕ ಓದುತ್ತೇವೆ. ಏಕಾಂಕ ನಾಟಕ ಓದಲು ಹೋದರೆ ಹತ್ತೇ ನಿಮಿಷಕ್ಕೆ ಆಕಳಿಕೆ ಬರುತ್ತದೆ. ಎಲ್ಲಿ ತಪ್ಪುತ್ತಿದ್ದೇವೆ?
— ಉಪ್ಪಳದ ಓದುಗರು

ಉತ್ತರ: ಒಬ್ಬರೇ ಎಲ್ಲ ಪಾತ್ರವನ್ನೂ ಓದುತ್ತಿದ್ದೀರಿ ಎಂದು ಕಾಣುತ್ತದೆ. ಪಾತ್ರ ಹಂಚಿಕೊಳ್ಳಿ. ರಂಗಸೂಚನೆ ಓದುವುದಕ್ಕೇ ಬೇರೆ ಒಬ್ಬರಿರಲಿ. ಅದನ್ನು ಹಾರಿಸಿಬಿಟ್ಟರೆ ನಾಟಕ ಅರ್ಧ ಹೋಯಿತು. ‘ಅವಳು ಬಾಗಿಲವರೆಗೆ ಹೋಗಿ ನಿಲ್ಲುತ್ತಾಳೆ’ ಎಂಬ ಸಾಲು ಅದರ ಹಿಂದಿನ ಇಡೀ ಜಗಳವನ್ನೇ ಬದಲಿಸುತ್ತದೆ.

ಮೊದಲು ಒಂದು ಪುಟ ಗಟ್ಟಿಯಾಗಿ ಓದಿ ಗಡಿಯಾರ ನೋಡಿ. ಪುಟಕ್ಕೆ ಒಂದೂವರೆ ನಿಮಿಷ ಹಿಡಿದರೆ 16 ಪುಟಕ್ಕೆ 24 ನಿಮಿಷ. ಎರಡು ಗಂಟೆಯ ಕೂಟದಲ್ಲಿ ಎರಡು ಸಲ ಓದಿ ಮುಗಿಸಿದ ಮೇಲೂ ಮಾತಿಗೆ ಒಂದು ಗಂಟೆ ಉಳಿಯುತ್ತದೆ. ಮೊದಲ ಓದು ನಿಲ್ಲಿಸದೆ ಸಾಗಲಿ, ನಟನೆ ಬೇಡ, ಸಪಾಟಾಗಿ ಓದಿದರೆ ಸಾಕು. ಎರಡನೆಯ ಓದಿಗೆ ಪಾತ್ರ ಅದಲುಬದಲು ಮಾಡಿ: ಅತ್ತೆಯಾಗಿದ್ದವರು ಸೊಸೆಯ ಮಾತು ಓದಲಿ. ಮೊದಲ ಸಲ ‘ಇವಳದ್ದೇ ತಪ್ಪು’ ಅಂದವರು ಆಗ ಸುಮ್ಮನಾಗುತ್ತಾರೆ.

‘ಮೌನ’ ಎಂದು ಬರೆದಲ್ಲಿ ನಿಜಕ್ಕೂ ನಿಲ್ಲಿಸಿ, ಮನಸ್ಸಿನಲ್ಲೇ ಮೂರರವರೆಗೆ ಎಣಿಸಿ. ಗುಂಪಿನ ಓದಿನಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಡುವುದು ಇದೇ, ಮುಂದಿನವರು ತಮ್ಮ ಮಾತಿಗೆ ಅವಸರಪಡುತ್ತಾರೆ. ಮಾತಿಲ್ಲದ ಪಾತ್ರವಿದ್ದರೆ ಅದಕ್ಕೂ ಒಬ್ಬರನ್ನು ಎದುರಿಗೆ ಕೂರಿಸಿ. ಸ್ವೀಡನ್ನಿನ ಸ್ಟ್ರಿಂಡ್‌ಬರ್ಗನ ಒಂದು ಕಿರುನಾಟಕ 1889ರಲ್ಲಿ ರಂಗಕ್ಕೆ ಬಂತು. ಅದರಲ್ಲಿ ಇಬ್ಬರು ಹೆಂಗಸರು ಎದುರುಬದುರು ಬರುತ್ತಾರೆ, ಮಾತೆಲ್ಲ ಒಬ್ಬಳದ್ದೇ. ಇನ್ನೊಬ್ಬಳು ಒಂದಕ್ಷರ ಆಡುವುದಿಲ್ಲ. ಆದರೂ ಗಂಡನ ವಿಷಯದಲ್ಲಿ ಇಬ್ಬರ ನಡುವೆ ಏನು ನಡೆದಿದೆ ಎಂಬುದು ಮಾತಾಡುವವಳಿಗೆ ಗೊತ್ತಾಗುವುದೇ ಆ ಮೌನವನ್ನು ನೋಡುತ್ತಾ ನೋಡುತ್ತಾ. ಸುಮ್ಮನೆ ಕೂತವರ ಮುಖ ಎದುರಿಗಿಲ್ಲದಿದ್ದರೆ ಅಂಥ ನಾಟಕ ಒಬ್ಬರ ಹರಟೆಯಾಗಿಬಿಡುತ್ತದೆ.

ಚರ್ಚೆಯನ್ನು ‘ಇಷ್ಟವಾಯಿತಾ?’ ಎಂದು ಶುರುಮಾಡಬೇಡಿ, ಎಲ್ಲರೂ ‘ಹೌದು’ ಅಂದರೆ ಮುಗಿದೇ ಹೋಯಿತು. ‘ಯಾರಿಗೆ ಏನು ಬೇಕಿತ್ತು, ಅದನ್ನು ಬಾಯಿಬಿಟ್ಟು ಕೇಳಿದ್ದು ಯಾವ ಪುಟದಲ್ಲಿ?’ ಎಂದು ಕೇಳಿ. ಕೊನೆಯವರೆಗೂ ಕೇಳಲೇ ಇಲ್ಲ ಎಂಬ ಉತ್ತರ ಬಂದರೆ ಮಾತು ತಾನಾಗಿ ಬೆಳೆಯುತ್ತದೆ.

ಪ್ರಶ್ನೆ: ನಮ್ಮ ಕಡೆಯ ಕಿರುನಾಟಕಗಳಲ್ಲಿ ಹವ್ಯಕ, ತುಳು, ಮಲಯಾಳ ಎಲ್ಲ ಬೆರೆಸುತ್ತಾರೆ. ಭಾಷೆ ಬದಲಾದ ಕೂಡಲೇ ಜನ ನಗುತ್ತಾರೆ, ಅಳುವ ದೃಶ್ಯದಲ್ಲೂ. ಇದು ನಾಟಕದ ದೋಷವೋ, ನಮ್ಮದೋ?
— ಮುಳ್ಳೇರಿಯದ ಓದುಗರು

ಉತ್ತರ: ಎರಡೂ ಇರಬಹುದು, ಪರೀಕ್ಷೆ ಮಾಡುವುದು ಸುಲಭ. ಭಾಷೆ ಬದಲಾದಾಗ ಇಬ್ಬರ ನಡುವಿನ ಅಂತರವೂ ಬದಲಾಯಿತೇ ನೋಡಿ. ‘ಊಟ ಆಯಿತಾ?’ ಎಂಬ ಒಂದೇ ಮಾತನ್ನು ತೆಗೆದುಕೊಳ್ಳಿ. ದಿನವೂ ‘ಊಟ ಆತೋ?’ ಎಂದು ಕೇಳುವ ಹವ್ಯಕ ಮನೆಯ ಅಣ್ಣ, ಪಾಲಿನ ಜಗಳವಾದ ಮರುದಿನ ತಮ್ಮನನ್ನು ‘ಊಟವಾಯಿತೇ?’ ಎಂದು ಪುಸ್ತಕದ ಕನ್ನಡದಲ್ಲಿ ಕೇಳಿದರೆ ಅಲ್ಲಿ ಗೋಡೆ ಎದ್ದಿದೆ ಎಂದೇ ಅರ್ಥ. ಅದೇ ನಾಟಕದಲ್ಲಿ ಕೆಲಸಕ್ಕೆ ಬಂದವರು ‘ವಣಸ್ ಆಂಡಾ?’ ಎಂದು ತುಳುವಿನಲ್ಲಿ ಕೇಳಿದಾಗ ತಮ್ಮನ ಕಣ್ಣು ತುಂಬಿದರೆ, ಆ ತುಳು ತನ್ನ ಕೆಲಸ ಮಾಡಿದೆ. ಇಂಥ ಕಾರಣವಿಲ್ಲದೆ ಒಂದು ಪಾತ್ರಕ್ಕೆ ತಪ್ಪು ಕನ್ನಡ ಆಡಿಸಿ, ಆ ಭಾಷೆಯವರನ್ನೇ ನಗೆಪಾಟಲು ಮಾಡಿದ್ದರೆ ಅದು ನಾಟಕಕಾರನ ಸೋಮಾರಿತನ. ಅದಕ್ಕೆ ಚಪ್ಪಾಳೆ ಕೊಡಬೇಡಿ.

ಬೆರಕೆ ಭಾಷೆ ಹೊಸದೇನಲ್ಲ. ಕೈಲಾಸಂ ಹಳೆ ಮೈಸೂರಿನ ಮನೆಗಳ ಇಂಗ್ಲಿಷ್ ಬೆರೆತ ಮಾತನ್ನು ಹಾಗೆಹಾಗೇ ರಂಗಕ್ಕೆ ತಂದರು. ಜನ ನಕ್ಕರು, ಆದರೆ ಆ ನಗುವಿನ ಅಡಿಯಲ್ಲೇ ಆ ಮನೆಗಳ ಸಂಕಟವೂ ಇತ್ತು.

ನಗುವುದೇ ತಪ್ಪು ಅಂತಲೂ ಅಲ್ಲ. ರಷ್ಯಾದ ಚೆಕಾಫನ ಒಂದು ಏಕಾಂಕದಲ್ಲಿ ಹುಡುಗ ಕೋಟು, ಬಿಳಿ ಕೈಗವಸು ಹಾಕಿಕೊಂಡು ಹೆಣ್ಣು ಕೇಳಲು ಬರುತ್ತಾನೆ. ಮದುವೆಯ ಮಾತಿಗೆ ಮೊದಲೇ ಹುಡುಗಿಯ ಜೊತೆ ಹುಲ್ಲುಗಾವಲಿನ ತುಂಡು ಯಾರದ್ದೆಂಬ ಜಗಳ ಶುರು, ಆಮೇಲೆ ಯಾರ ನಾಯಿ ಮೇಲು ಎಂಬ ಜಗಳ. ಮದುವೆ ನಿಶ್ಚಯವಾದ ಮೇಲೂ ಜಗಳ ನಿಲ್ಲುವುದಿಲ್ಲ. ಗಡಿಕಲ್ಲಿನ ತಕರಾರು ಕಂಡ ನಮ್ಮವರಿಗೆ ಇದು ಬೇಗ ಹಿಡಿಸುತ್ತದೆ. ಅಲ್ಲಿ ನಗುತ್ತಾ ನಗುತ್ತಾ, ‘ಇವರಿಬ್ಬರ ಸಂಸಾರ ಹೇಗಪ್ಪಾ’ ಎಂಬ ಅಳುಕು ಒಳಗೆ ಸೇರಿರುತ್ತದೆ. ನಗು ನಿಂತ ಮೇಲೆ ಏನಾದರೂ ಉಳಿಯಿತೇ, ಅದನ್ನು ಗಮನಿಸಿ.

ಪ್ರಶ್ನೆ: ನಮ್ಮ ಕ್ಲಬ್ಬಿನಿಂದ ಒಂದೇ ಸಂಜೆ ಮೂರು ಕಿರುನಾಟಕ ಆಡಿಸಬೇಕೆಂದಿದ್ದೇವೆ. ಹಿಂದಿನ ವರ್ಷ ಹಿಂದಿನ ಸಾಲಿನವರಿಗೆ ಏನೂ ಮುಟ್ಟಲಿಲ್ಲ.
— ನೀರ್ಚಾಲಿನ ಓದುಗರು

ಉತ್ತರ: ಎತ್ತರದ ವೇದಿಕೆ ಬಿಟ್ಟು ಸಭಾಂಗಣದ ನೆಲದ ಮೇಲೇ ಆಡಿಸಿ, ಕುರ್ಚಿಗಳನ್ನು ಮೂರು ಬದಿಗೆ ಐದಾರು ಸಾಲಷ್ಟೇ ಹಾಕಿ. ನೂರು ಜನರವರೆಗೆ ಮೈಕು ಬೇಡ. ಮೇಲಿನಿಂದ ತೂಗುಬಿಟ್ಟ ಮೈಕು ಫ್ಯಾನಿನ ಸದ್ದನ್ನೂ ಹೆಜ್ಜೆಯ ಸದ್ದನ್ನೂ ಹಿಡಿಯುತ್ತದೆ, ಪಿಸುಮಾತನ್ನು ಬಿಟ್ಟುಬಿಡುತ್ತದೆ. ಫ್ಯಾನು ಕಡಿಮೆ ಮಾಡಿ, ಪ್ರೇಕ್ಷಕರ ಮೇಲಿನ ಟ್ಯೂಬ್‌ಲೈಟ್ ಆರಿಸಿ. ಶೀಟಿನ ಮಾಡಾದರೆ ಮಳೆಗಾಲ ಕಳೆದ ಮೇಲೆ ದಿನ ಇಟ್ಟುಕೊಳ್ಳಿ.

ಯಕ್ಷಗಾನದ ಆಟಕ್ಕೆ ತಡವಾಗಿ ಬಂದರೂ ನಡೆಯುತ್ತದೆ ಎಂಬ ಅಭ್ಯಾಸ ನಮ್ಮವರಿಗೆ ಇದೆ. 25 ನಿಮಿಷದ ನಾಟಕಕ್ಕೆ ಐದು ನಿಮಿಷ ತಡವಾದರೆ ಐದರಲ್ಲಿ ಒಂದು ಪಾಲು ಹೋಯಿತು, ಅದೂ ಆ ಮೊದಲ ಚಹಾ ಬರುವ ಪಾಲು. ಆಮಂತ್ರಣದಲ್ಲಿ ‘ಶುರುವಾದ ಮೇಲೆ ಬಾಗಿಲು ಮುಚ್ಚಲಾಗುವುದು’ ಎಂದು ಅಚ್ಚು ಹಾಕಿಸಿ, ಹಾಗೇ ಮುಚ್ಚಿ. ತಡವಾಗಿ ಬಂದವರನ್ನು ಮುಂದಿನ ನಾಟಕಕ್ಕೆ ಒಳಗೆ ಬಿಡಿ. ಅತಿಥಿಗಳ ಭಾಷಣ, ಶಾಲು ಹೊದೆಸುವುದು ಎಲ್ಲ ಮೊದಲೇ ಮುಗಿಯಲಿ. ನಾಟಕಗಳ ನಡುವೆ ಹತ್ತು ನಿಮಿಷ ಬರೀ ಬಿಡುವು ಕೊಡಿ, ಮೈಕಿನಲ್ಲಿ ಯಾರೂ ಮಾತಾಡುವುದು ಬೇಡ.