ಸ್ಟ್ಯಾಟಿಕ್ ಹಾಕಿದ್ರೆ ಎರರ್ ಹೋಯ್ತು, ಆದ್ರೆ ದುಡ್ಡು?

ಪ್ರಶ್ನೆ: ಸರ್, ಜಾವಾದಲ್ಲಿ ‘ಮೆಟ್ರೋಕಾರ್ಡ್’ ಅಂತ ಒಂದು ಕ್ಲಾಸ್ ಬರೆದೆ. ಅದೇ ಕ್ಲಾಸಿನ ಮೇನ್ (ಪ್ರೋಗ್ರಾಮ್ ಶುರುವಾಗುವ ಜಾಗ) ಒಳಗೆ ಬ್ಯಾಲೆನ್ಸ್ ಬಳಸಿದ ಕೂಡಲೇ ‘ಸ್ಟ್ಯಾಟಿಕ್ ಕಾಂಟೆಕ್ಸ್ಟ್’ ಅಂತ ಏನೋ ಎರರ್ ಬಂತು. ಬ್ಯಾಲೆನ್ಸನ್ನೂ ಸ್ಟ್ಯಾಟಿಕ್ ಮಾಡಿದೆ, ಎರರ್ ಹೋಯಿತು. ಈಗ ಒಂದು ಕಾರ್ಡಿಗೆ 200 ರೂಪಾಯಿ ಹಾಕಿದರೆ ಇನ್ನೊಂದರಲ್ಲೂ 200 ತೋರಿಸುತ್ತಿದೆ. ಯಾಕೆ?
– ಎಂಸಿಎ ವಿದ್ಯಾರ್ಥಿನಿ, ವಿಜಯನಗರ, ಬೆಂಗಳೂರು

ಉತ್ತರ: ನಮ್ಮ ಮೆಟ್ರೋದಲ್ಲೂ ಹೀಗೇ ಆಗಿದ್ದಿದ್ರೆ ಚೆನ್ನಾಗಿತ್ತು, ಅಲ್ವಾ? ಮೆಜೆಸ್ಟಿಕ್‌ನಲ್ಲಿ ಯಾರೋ ರೀಚಾರ್ಜ್ ಮಾಡಿಸಿದರೆ ಊರೆಲ್ಲ ಓಡಾಡಬಹುದಿತ್ತು!

ಕ್ಲಾಸ್ ಅಂದರೆ ಅಚ್ಚು, ಆಬ್ಜೆಕ್ಟ್ ಅಂದರೆ ಆ ಅಚ್ಚಿನಿಂದ ಮಾಡಿದ ಒಂದೊಂದು ಕಾರ್ಡು. ಸ್ಟ್ಯಾಟಿಕ್ ವೇರಿಯಬಲ್ ಇರೋದು ಇಡೀ ಕ್ಲಾಸಿಗೆ ಒಂದೇ. ನೀವು ಎಷ್ಟೇ ಕಾರ್ಡ್ ಆಬ್ಜೆಕ್ಟ್ ಮಾಡಿ, ಎಲ್ಲವೂ ಅದೊಂದನ್ನೇ ನೋಡುತ್ತವೆ. ಇನ್‌ಸ್ಟನ್ಸ್ ವೇರಿಯಬಲ್ ಹಾಗಲ್ಲ, ‘ನ್ಯೂ’ ಅಂದಾಗಲೆಲ್ಲ ಆ ಆಬ್ಜೆಕ್ಟಿಗೆ ತನ್ನದೇ ಒಂದು ಸಿಗುತ್ತದೆ.

ಮೊದಲ ಎರರ್ ಯಾಕೆ ಬಂತು? ಮೇನ್ ಸ್ಟ್ಯಾಟಿಕ್, ಅದನ್ನು ಜೆವಿಎಂ (ಜಾವಾ ಪ್ರೋಗ್ರಾಮನ್ನು ಓಡಿಸುವ ತಂತ್ರಾಂಶ) ಯಾವ ಆಬ್ಜೆಕ್ಟೂ ಇಲ್ಲದೆ ಕರೆಯುತ್ತದೆ, ಆದ್ದರಿಂದ ಅಲ್ಲಿ ‘ದಿಸ್’, ಅಂದರೆ ‘ಈ ಆಬ್ಜೆಕ್ಟ್’ ಅನ್ನೋದೇ ಇರೋದಿಲ್ಲ. ಬರೀ ‘ಬ್ಯಾಲೆನ್ಸ್’ ಅಂದರೆ ಯಾವ ಕಾರ್ಡಿನದು? ಕಂಪೈಲರ್ ಕೇಳಿದ್ದು ಇಷ್ಟೇ. ಅದಕ್ಕೆ ಉತ್ತರ ಕೊಡೋದು ಬಿಟ್ಟು ನೀವು ಅದರ ಬಾಯಿ ಮುಚ್ಚಿಸಿದಿರಿ. ಮೇನ್ ಒಳಗೆ ಒಂದು ಕಾರ್ಡ್ ಆಬ್ಜೆಕ್ಟ್ ಮಾಡಿ, ಅದರ ಹೆಸರು ಬರೆದು ಚುಕ್ಕೆ ಇಟ್ಟು ಬ್ಯಾಲೆನ್ಸ್ ಅನ್ನಿ, ಸ್ಟ್ಯಾಟಿಕ್ ತೆಗೆದುಹಾಕಿ.

ಮೆಥಡ್‌ಗೂ (ಕ್ಲಾಸಿನೊಳಗೆ ಬರೆಯುವ ಒಂದೊಂದು ಕೆಲಸಕ್ಕೂ) ಇದೇ ಲೆಕ್ಕ. ರೀಚಾರ್ಜ್ ಒಂದು ಕಾರ್ಡಿನ ದುಡ್ಡನ್ನು ಬದಲಿಸುತ್ತದೆ, ಅದು ಇನ್‌ಸ್ಟನ್ಸ್ ಮೆಥಡ್. ದೂರ ಕೊಟ್ಟರೆ ದರ ಹೇಳುವ ಮೆಥಡ್‌ಗೆ ಯಾವ ಕಾರ್ಡೂ ಬೇಕಿಲ್ಲ, ಜಾವಾದ ‘ಮ್ಯಾಥ್.ಮ್ಯಾಕ್ಸ್’ ತರಹ ಸ್ಟ್ಯಾಟಿಕ್ ಇರಲಿ. ಒಟ್ಟು ಎಷ್ಟು ಕಾರ್ಡ್ ಮಾಡಿದಿರಿ ಅಂತ ಎಣಿಸೋಕೂ ಸ್ಟ್ಯಾಟಿಕ್ ವೇರಿಯಬಲ್ಲೇ ಸರಿ, ಆಬ್ಜೆಕ್ಟ್ ಮಾಡುವಾಗಲೆಲ್ಲ ಓಡುವ ಕನ್‌ಸ್ಟ್ರಕ್ಟರ್‌ನಲ್ಲಿ ಒಂದೊಂದು ಕೂಡಿಸಿದರಾಯ್ತು. ಆದರೆ ಪ್ರೋಗ್ರಾಮಿನೊಳಗೆ ಏಕಕಾಲಕ್ಕೆ ಓಡುವ ಹಲವು ಥ್ರೆಡ್‌ಗಳು ಒಟ್ಟಿಗೆ ಕಾರ್ಡ್ ಮಾಡುತ್ತಿದ್ದರೆ ಹುಷಾರು: ಪ್ಲಸ್ ಪ್ಲಸ್ ಅಂದರೆ ಓದು, ಕೂಡಿಸು, ಬರೆ ಅಂತ ಮೂರು ಕೆಲಸ, ನಡುವೆ ಇನ್ನೊಂದು ಥ್ರೆಡ್ ನುಗ್ಗಿದರೆ ಎಣಿಕೆ ಕಡಿಮೆ ಬರುತ್ತದೆ. ಅಲ್ಲಿ ಮೂರನ್ನೂ ಒಂದೇ ಏಟಿಗೆ ಮುಗಿಸುವ ‘ಅಟಾಮಿಕ್‌ಇಂಟೀಜರ್’ ಬಳಸಿ.

ಇಂಟರ್‌ವ್ಯೂಗಳಲ್ಲಿ ಕೇಳೋ ಒಂದು ಮಾತು. ಸ್ಟ್ಯಾಟಿಕ್ ಮೆಥಡ್ ಓವರ್‌ರೈಡ್ ಆಗೋದಿಲ್ಲ, ಅಂದರೆ ಆಬ್ಜೆಕ್ಟ್ ಯಾವುದು ಅಂತ ನೋಡಿ ಮೆಥಡ್ ಆರಿಸುವ ಕೆಲಸ ಇಲ್ಲಿ ನಡೆಯೋದಿಲ್ಲ. ಈ ಕ್ಲಾಸಿನಿಂದ ಹುಟ್ಟಿದ ಚೈಲ್ಡ್ ಕ್ಲಾಸಿನಲ್ಲಿ ಅದೇ ಹೆಸರಿನದನ್ನು ಬರೆದರೆ ಹಳೆಯದು ಮರೆಯಾಗುತ್ತದೆ, ಅಷ್ಟೇ. ಆಬ್ಜೆಕ್ಟಿನ ಹೆಸರಿನಿಂದ ಸ್ಟ್ಯಾಟಿಕ್ ಮೆಥಡ್ ಕರೆಯೋಕೆ ಜಾವಾ ಬಿಡುತ್ತದೆ, ಆ ಹೆಸರಿನಲ್ಲಿ ನಲ್ (ಯಾವ ಆಬ್ಜೆಕ್ಟೂ ಇಲ್ಲ ಅನ್ನೋ ಗುರುತು) ಇದ್ದರೂ ಓಡುತ್ತದೆ! ಸುಮ್ನೆ ಗೊಂದಲ, ಕ್ಲಾಸಿನ ಹೆಸರಿನಿಂದಲೇ ಕರೆಯಿರಿ.

ಅಂದಹಾಗೆ, 2025ರಲ್ಲಿ ಬಂದ ಜಾವಾ 25ರಲ್ಲಿ ಮೇನ್ ಸ್ಟ್ಯಾಟಿಕ್ ಇರಲೇಬೇಕು ಅಂತಿಲ್ಲ, ಆಬ್ಜೆಕ್ಟನ್ನು ಜೆವಿಎಂ ತಾನೇ ಮಾಡಿಕೊಳ್ಳುತ್ತದೆ. ನಿಮ್ಮ ಲ್ಯಾಬಿನಲ್ಲಿ ಹಳೆಯ ಜಾವಾ ಇದ್ದರೆ ಮೇನ್‌ಗೆ ಸ್ಟ್ಯಾಟಿಕ್ ಉಳಿಸಿಕೊಳ್ಳಿ.