ಅಣ್ಣ ಕೊಟ್ಟ ಚೀಲವನ್ನು ಏನು ಮಾಡಲಿ?

ಪ್ರಶ್ನೆ: ನನ್ನ ಅಣ್ಣ ಬಹಳ ವರ್ಷ ಸಿನಿಮಾಗಳಲ್ಲಿ ಸ್ಟಂಟ್ ಕಲಾವಿದರಾಗಿದ್ದರು. ನಾಯಕನಟರಿಗೆ ಡ್ಯೂಪ್ ಆಗಿ ಕಟ್ಟಡಗಳಿಂದ ಜಿಗಿದು, ಗಾಜು ಒಡೆದುಕೊಂಡು ಬಿದ್ದು ಸಂಪಾದಿಸಿದ ಹಣದಲ್ಲಿ ನನ್ನನ್ನು ಓದಿಸಿದರು. ಮೂರು ವರ್ಷಗಳ ಹಿಂದೆ ಎತ್ತರದಿಂದ ಬೀಳುವ ದೃಶ್ಯವೊಂದರಲ್ಲಿ ಏರ್‌ಬ್ಯಾಗಿನ ಅಂಚಿಗೆ ಬಿದ್ದು ಅವರ ಬೆನ್ನುಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆಯಲ್ಲಿ ರಾಡು ಹಾಕಿದ್ದಾರೆ. ಓಡಾಡುತ್ತಾರೆ, ಆದರೆ ಕೆಲಸಕ್ಕೆ ಯಾರೂ ಕರೆಯುವುದಿಲ್ಲ. ಅವರು ಬೀಗ ಹಾಕಿದ ಮನೆಗಳಿಗೆ ರಾತ್ರಿ ಮಹಡಿಯ ಕಡೆಯಿಂದ ಇಳಿದು ಕನ್ನ ಹಾಕುತ್ತಿದ್ದಾರೆಂದು ಈಗ ತಿಳಿದಿದೆ. ಕೇಳಿದರೆ, ‘ಯಾರ ಮೈಗೂ ಏಟು ಮಾಡಿಲ್ಲ, ಇದೂ ಒಂದು ಸ್ಟಂಟ್ ಅಂದುಕೋ’ ಎನ್ನುತ್ತಾರೆ. ಒಡವೆಗಳಿರುವ ಚೀಲವೊಂದನ್ನು ನನ್ನ ಬಳಿ ಇಡಲು ಕೊಟ್ಟಿದ್ದಾರೆ. ಪೊಲೀಸರಿಗೆ ಹೇಳಿದರೆ ನನ್ನನ್ನು ಸಾಕಿದವರನ್ನೇ ಜೈಲಿಗೆ ಕಳಿಸಿದಂತಾಗುತ್ತದೆ, ಸುಮ್ಮನಿದ್ದರೆ ನಾನೂ ಕಳ್ಳನೇ. ಏನು ಮಾಡಲಿ?
– ಹೆಸರು ಬೇಡ

ಉತ್ತರ: ಮೊದಲು ಚೀಲದ ವಿಷಯ ಹೇಳಿಬಿಡುತ್ತೇನೆ. ಉಳಿದ ಮಾತುಗಳಿಗೆ ಸ್ವಲ್ಪ ಸಮಯವಿದೆ, ಇದಕ್ಕಿಲ್ಲ. ಕದ್ದ ಮಾಲೆಂದು ತಿಳಿದೂ ಅದನ್ನು ಇಟ್ಟುಕೊಳ್ಳುವುದು, ಅದನ್ನು ಬಚ್ಚಿಡಲು ನೆರವಾಗುವುದು ತನ್ನಷ್ಟಕ್ಕೇ ಒಂದು ಅಪರಾಧ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್ ಇದಕ್ಕೆ ಮೂರು ವರ್ಷಗಳವರೆಗಿನ ಸೆರೆವಾಸವನ್ನು ವಿಧಿಸುತ್ತದೆ. ಕೊಟ್ಟವರು ಒಡಹುಟ್ಟಿದ ಅಣ್ಣ ಎಂಬುದಾಗಲಿ, ಅದರಲ್ಲಿ ಒಂದು ಕಾಸನ್ನೂ ನೀವು ಮುಟ್ಟಿಲ್ಲ ಎಂಬುದಾಗಲಿ ನಿಮ್ಮನ್ನು ಕಾಪಾಡುವುದಿಲ್ಲ. ಅಪರಾಧಿಗೆ ಆಶ್ರಯ ಕೊಟ್ಟದ್ದರ ವಿಚಾರದಲ್ಲಿ ಗಂಡ ಹೆಂಡತಿಗೆ ಕಾನೂನು ತೋರಿಸುವ ವಿನಾಯಿತಿ ಅಣ್ಣ ತಮ್ಮಂದಿರಿಗೆ ಅನ್ವಯಿಸುವುದಿಲ್ಲ. ಹಾಗೆಂದು ಗಾಬರಿಯಿಂದ ಚೀಲವನ್ನು ಎಲ್ಲಾದರೂ ಎಸೆಯಬೇಡಿ, ಅಣ್ಣನ ಕೈಗೇ ಮರಳಿಸಿ ನಿರಾಳರಾಗಬೇಡಿ, ರಾತ್ರೋರಾತ್ರಿ ಯಾರದೋ ಬಾಗಿಲ ಮುಂದೆ ಇಟ್ಟು ಬರುವ ಯೋಚನೆಯನ್ನಂತೂ ಮಾಡಲೇಬೇಡಿ. ಅದನ್ನು ಇನ್ನೊಮ್ಮೆ ಬಿಚ್ಚದೆ, ಕ್ರಿಮಿನಲ್ ಪ್ರಕರಣಗಳನ್ನು ನಡೆಸುವ ವಕೀಲರೊಬ್ಬರನ್ನು ನಾಳೆಯೇ ಕಂಡು, ನಡೆದದ್ದನ್ನು ನಡೆದ ಹಾಗೆ ಹೇಳಿ. ಕಕ್ಷಿದಾರ ನಂಬಿ ಹೇಳಿದ ಹಿಂದಿನ ಸಂಗತಿಗಳನ್ನು ಹೊರಗೆಡಹದಿರುವ ಬಾಧ್ಯತೆ ವಕೀಲರ ಮೇಲಿದೆ. ಆ ಚೀಲ ಪೊಲೀಸರ ಕೈ ಸೇರುವುದು ಅವರ ಮೂಲಕವೇ ಆಗಲಿ. ಮುಂದೆ ನಿಮ್ಮ ಹಿತ ಮತ್ತು ಅಣ್ಣನ ಹಿತ ಬೇರೆ ಬೇರೆ ದಿಕ್ಕಿಗೆ ಎಳೆಯುವ ಸಂದರ್ಭ ಬರಬಹುದು, ಆದ್ದರಿಂದ ಇಬ್ಬರಿಗೂ ಒಬ್ಬರೇ ವಕೀಲರು ಸಾಕೇ ಎಂಬುದನ್ನೂ ಅವರನ್ನೇ ಕೇಳಿ.

ಇನ್ನು ನಿಮ್ಮನ್ನು ನಿಜವಾಗಿ ಸುಡುತ್ತಿರುವ ಮಾತಿಗೆ ಬರುತ್ತೇನೆ. ಅಣ್ಣನ ಋಣ ದೊಡ್ಡದು, ಅದನ್ನು ಮರೆತುಬಿಡಿ ಎಂದು ನಾನು ಹೇಳಲಾರೆ. ಹತ್ತು ಮೀಟರ್ ಎತ್ತರದಿಂದ ಬಿಟ್ಟ ದೇಹ ಒಂದೂವರೆ ಸೆಕೆಂಡಿಗೂ ಕಡಿಮೆ ಅವಧಿಯಲ್ಲಿ ಕೆಳಗೆ ಮುಟ್ಟುತ್ತದೆ, ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 50 ಕಿಲೋಮೀಟರ್ ಇರುತ್ತದೆ. ಅಷ್ಟರೊಳಗೆ ಗಾಳಿಯಲ್ಲೇ ಹೊರಳಿ, ಹೊಡೆತ ಇಡೀ ಬೆನ್ನಿಗೆ ಹರಡುವಂತೆ, ಏರ್‌ಬ್ಯಾಗಿನ ನಟ್ಟನಡುವೆ ಅಂಗಾತ ಬೀಳಬೇಕು. ಅಂಚಿಗೆ ಬಿದ್ದರೆ ಏನಾಗುತ್ತದೆ ಎಂಬುದನ್ನು ನಿಮ್ಮ ಮನೆಯವರಿಗೆ ಬೇರೆ ಯಾರೂ ಹೇಳಬೇಕಾಗಿಲ್ಲ. ಹಾಗೆ ಬಿದ್ದೂ ಬಿದ್ದೂ ಒಬ್ಬ ಮನುಷ್ಯ ತಮ್ಮನ ಶಾಲೆಯ ಶುಲ್ಕ ಕಟ್ಟಿದ್ದಾನೆ. ಇಂಥ ಋಣವನ್ನು ಹೊತ್ತವರಿಗೆ ಪೊಲೀಸ್ ಠಾಣೆಯ ದಾರಿ ದ್ರೋಹದ ದಾರಿಯಂತೆ ಕಾಣುವುದು ಸಹಜ. ಆದರೆ ಆ ಋಣ ಅಣ್ಣನಿಗೆ ಸಲ್ಲಬೇಕಾದದ್ದು. ಅವರ ಕಳ್ಳತನಕ್ಕೆ ನೀವು ಏನೂ ಬಾಕಿ ಇಟ್ಟುಕೊಂಡಿಲ್ಲ. ಚೀಲವನ್ನು ಬಚ್ಚಿಟ್ಟರೆ ಸಲ್ಲುವುದು ಕಳ್ಳತನಕ್ಕೆ, ಅಣ್ಣನಿಗಲ್ಲ.

‘ಇದೂ ಒಂದು ಸ್ಟಂಟ್ ಅಂದುಕೋ’ ಎಂಬ ಅವರ ಮಾತನ್ನು ನಾನು ಮತ್ತೆ ಮತ್ತೆ ಓದಿದೆ. ತಪ್ಪನ್ನು ಮುಚ್ಚಿಕೊಳ್ಳಲು ಆಡಿದ ಮಾತಷ್ಟೇ ಇದು ಎಂದು ನನಗೆ ಅನ್ನಿಸುವುದಿಲ್ಲ. ಸ್ಟಂಟ್ ಕಲಾವಿದರ ವೃತ್ತಿಯೇ ವಿಚಿತ್ರವಾದದ್ದು. ಜೀವ ಒತ್ತೆಯಿಡುವುದು ತಾವು, ಚಪ್ಪಾಳೆ ಸಲ್ಲುವುದು ಇನ್ನೊಬ್ಬರ ಮುಖಕ್ಕೆ. ಕೆಲಸ ಎಷ್ಟು ಚೆನ್ನಾಗಿ ನಡೆಯುತ್ತದೋ ಅಷ್ಟರ ಮಟ್ಟಿಗೆ ಅದನ್ನು ಮಾಡಿದವರು ಕಾಣದೆ ಉಳಿಯುತ್ತಾರೆ. ಆಸ್ಕರ್ ಪ್ರಶಸ್ತಿಗಳನ್ನು ಮೊದಲು ಕೊಟ್ಟದ್ದು 1929ರಲ್ಲಿ. ಸ್ಟಂಟ್ ವಿನ್ಯಾಸಕ್ಕೂ ಒಂದು ಪ್ರಶಸ್ತಿ ಇರಬೇಕೆಂದು ಅದೇ ಸಂಸ್ಥೆ ತೀರ್ಮಾನಿಸಿದ್ದು 2025ರಲ್ಲಿ, ಅದೂ 2027ರಲ್ಲಿ ಬಿಡುಗಡೆಯಾಗುವ ಚಿತ್ರಗಳಿಂದ ಅನ್ವಯಿಸುವಂತೆ. ಇಷ್ಟು ತಡವಾಗಿ ಲೋಕದ ಕಣ್ಣಿಗೆ ಬಿದ್ದ ಕಸುಬಿನವರಿಗೆ ತಮ್ಮ ಬೆಲೆಯನ್ನು ತಿಳಿಸುತ್ತಿದ್ದದ್ದು ತಮ್ಮ ಮೈ ಒಂದೇ. ಇದನ್ನು ಬೇರೆ ಯಾರೂ ಮಾಡಲಾರರು, ನಾನು ಮಾಡುತ್ತೇನೆ ಎಂಬ ಒಳಗಿನ ಖಾತರಿ ಅದು. ಬೆನ್ನು ಮುರಿದ ದಿನ ಸಂಪಾದನೆಯ ಜೊತೆಗೆ ಆ ಖಾತರಿಯೂ ಹೋಯಿತು. ಫೋನು ಕರೆಗಳು ನಿಂತವು, ನೋಡಲು ಬಂದವರು ಕನಿಕರ ತೋರಿಸಿದರು, ವೈದ್ಯರು ಮಾಡಬಾರದ ಕೆಲಸಗಳ ಪಟ್ಟಿ ಕೊಟ್ಟರು. ಇಂಥ ಸ್ಥಿತಿಯಲ್ಲಿರುವವರು ಕತ್ತಲಲ್ಲಿ ಮಹಡಿಯಿಂದ ಇಳಿದು ಯಾರಿಗೂ ತಿಳಿಯದಂತೆ ಹಿಂದಿರುಗಿದಾಗ, ಕೈಗೆ ಸಿಕ್ಕ ಒಡವೆಗಿಂತ ಹೆಚ್ಚಿನದೇನೋ ಮರಳಿ ಬಂದಂತೆ ಅವರಿಗೆ ಅನ್ನಿಸಿರಬಹುದು. ಹಣದ ಕೊರತೆ ನಿಜವಾದದ್ದೇ, ಅದನ್ನು ಅಲ್ಲಗಳೆಯುತ್ತಿಲ್ಲ. ಆದರೆ ಹಣವೊಂದನ್ನೇ ಸರಿಪಡಿಸಿದರೆ ಅಣ್ಣ ನಿಲ್ಲಿಸುತ್ತಾರೆ ಎಂದು ನೀವು ನಂಬಿದ್ದರೆ, ಅದು ಸಾಲದು ಎಂದೇ ನನ್ನ ಭಾವನೆ. ಮೂರು ವರ್ಷಗಳಿಂದ ಯಾರ ಮುಂದೆಯೂ ಅಳದ ಒಂದು ದುಃಖ ಅವರೊಳಗಿದೆ.

ದುಃಖವನ್ನು ಅರ್ಥಮಾಡಿಕೊಳ್ಳೋಣ, ಆದರೆ ಅವರ ಮಾತನ್ನು ಒಪ್ಪಲಾಗದು. ಇದು ಸ್ಟಂಟ್ ಅಲ್ಲ, ಮತ್ತು ಅಲ್ಲವೆಂಬುದು ನಿಮಗಿಂತ ಚೆನ್ನಾಗಿ ಅವರಿಗೇ ಗೊತ್ತು. ಸ್ಟಂಟ್‌ನಲ್ಲಿ ಅಪಾಯವನ್ನು ಮೈಮೇಲೆ ಎಳೆದುಕೊಳ್ಳುವವರು ಅದಕ್ಕೆ ಒಪ್ಪಿಕೊಂಡಿರುತ್ತಾರೆ. ಸಾಹಸ ನಿರ್ದೇಶಕರು ಅಳತೆ ಹಾಕಿರುತ್ತಾರೆ, ಕೆಳಗೆ ಏರ್‌ಬ್ಯಾಗೋ ರಟ್ಟಿನ ಪೆಟ್ಟಿಗೆಗಳ ರಾಶಿಯೋ ಇರುತ್ತದೆ, ಹಾರ್ನೆಸ್ಸಿನ ಹುಕ್ಕನ್ನು ಒಬ್ಬರಲ್ಲ ಇಬ್ಬರು ನೋಡಿರುತ್ತಾರೆ. ಅಚ್ಚುಕಟ್ಟಾಗಿ ನಡೆಯುವ ಸೆಟ್ಟಿನಲ್ಲಿ ರೋಪ್ ಹಿಡಿದ ಹುಡುಗನಿಗೆ ಅನುಮಾನ ಬಂದರೂ ಅವನು ‘ಬೇಡ’ ಎನ್ನಬಹುದು, ಆಗ ಶಾಟ್ ನಿಲ್ಲುತ್ತದೆ. ಕನ್ನ ಬಿದ್ದ ಮನೆಯವರನ್ನು ಯಾರೂ ಒಪ್ಪಿಗೆ ಕೇಳಿರುವುದಿಲ್ಲ. ಯಾರ ಮೈಗೂ ಏಟಾಗಿಲ್ಲ ಎಂಬ ಸಮಾಧಾನವೂ ನಿಲ್ಲುವಂಥದ್ದಲ್ಲ. ಊರಿಂದ ಮರಳಿ ಬಂದು ಒಡೆದ ಬೀಗವನ್ನು ಕಂಡವರು ತಮ್ಮದೇ ಕೋಣೆಯಲ್ಲಿ ಅದೆಷ್ಟೋ ರಾತ್ರಿ ನಿದ್ದೆ ಮಾಡುವುದಿಲ್ಲ, ತೀರಿಕೊಂಡ ತಾಯಿಯ ಬಳೆ ಹೋದರೆ ಯಾವ ಪರಿಹಾರದ ಹಣವೂ ಅದನ್ನು ತಂದುಕೊಡದು. ನನ್ನನ್ನು ಇದಕ್ಕಿಂತಲೂ ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ಮಹಡಿಯಿಂದ ಇಳಿದು ಹೋದವರ ಸುಳಿವು ಸಿಗದಿದ್ದಾಗ ಮೊದಲ ಅನುಮಾನ ಬೀಳುವುದು ಮನೆಗೆಲಸದವರ ಮೇಲೆ, ಕಾವಲುಗಾರರ ಮೇಲೆ, ನಿನ್ನೆಯಷ್ಟೇ ಪೈಪು ರಿಪೇರಿಗೆ ಬಂದುಹೋದ ಕೆಲಸಗಾರನ ಮೇಲೆ. ಅಂದರೆ ನಿಮ್ಮ ಅಣ್ಣನಂತೆಯೇ ಮೈಯನ್ನು ನಂಬಿ ಬದುಕುವವರ ಮೇಲೆ. ಅವರಲ್ಲಿ ಯಾರೋ ಒಬ್ಬರು ಈಗಾಗಲೇ ಕೆಲಸ ಕಳೆದುಕೊಂಡಿರಬಹುದು. ಈ ಮಾತನ್ನು ಅಣ್ಣನಿಗೆ ಹೇಳಿ. ಉಳಿದ ಬುದ್ಧಿಮಾತುಗಳು ಮುಟ್ಟದಿದ್ದರೂ ಇದು ಮುಟ್ಟಬಹುದು.

ಅವರ ಪ್ರಾಣದ ಮಾತೂ ಇದೆ. ರಾಡು ಹಾಕಿದ ಬೆನ್ನು ಮೊದಲಿನಂತೆ ಬಾಗುವುದಿಲ್ಲ, ತಿರುಗುವುದಿಲ್ಲ. ನೋವಿನ ಮಾತ್ರೆಗಳನ್ನು ತೆಗೆದುಕೊಳ್ಳುತ್ತಿದ್ದರೆ ಅವುಗಳಲ್ಲಿ ಕೆಲವು ಎಚ್ಚರವನ್ನೂ ಸಮತೋಲವನ್ನೂ ಮಂದಗೊಳಿಸುತ್ತವೆ. ಕೆಳಗೆ ಹಿಡಿಯಲು ಯಾರೂ ಇಲ್ಲ. ಒಂದು ರಾತ್ರಿ ಖಾಲಿಯೆಂದುಕೊಂಡ ಮನೆಯಲ್ಲಿ ಯಾರಾದರೂ ಎದ್ದರೆ, ತಪ್ಪಿಸಿಕೊಳ್ಳುವ ಗಡಿಬಿಡಿಯಲ್ಲಿ ತಳ್ಳಿದ ಒಂದು ಕೈ ಇಡೀ ಪ್ರಕರಣವನ್ನು ಬೇರೆಯದೇ ಮಾಡಿಬಿಡುತ್ತದೆ. ಮಾಲಿನೊಂದಿಗೆ ಪಾರಾಗಲು ಏಟು ಮಾಡಿದರೆ ಕಾನೂನು ಅದನ್ನು ಕಳವು ಎನ್ನುವುದಿಲ್ಲ, ಸುಲಿಗೆ ಎನ್ನುತ್ತದೆ. ಈಗಿನ ಸ್ಥಿತಿಯೇ ಹಗುರವಾದದ್ದಲ್ಲ: ಸೂರ್ಯಾಸ್ತದ ನಂತರ ಕಳವಿಗಾಗಿ ಕನ್ನ ಹಾಕಿ ಮನೆಯೊಳಗೆ ನುಗ್ಗಿದರೆ ಅದೇ ಸಂಹಿತೆಯ 331ನೇ ಸೆಕ್ಷನ್ ಪ್ರಕಾರ 14 ವರ್ಷಗಳವರೆಗೆ ಶಿಕ್ಷೆಯಾಗಬಹುದು. ಪ್ರತಿ ಹೊಸ ರಾತ್ರಿಯೂ ಹೊಸದೊಂದು ಪ್ರಕರಣ.

ಆದ್ದರಿಂದ ರೋಪ್ ಹಿಡಿದವನ ಕೆಲಸವನ್ನು ನೀವು ಮಾಡಬೇಕು ಎಂದು ನಾನು ಕೇಳಿಕೊಳ್ಳುತ್ತೇನೆ. ವಕೀಲರನ್ನು ಕಂಡ ಮೇಲೆ, ಹಗಲಿನಲ್ಲಿ, ಇಬ್ಬರೇ ಇರುವಾಗ ಅಣ್ಣನ ಜೊತೆ ಕುಳಿತುಕೊಳ್ಳಿ. ಬೈಯಬೇಡಿ, ಮನೆಯ ಮರ್ಯಾದೆಯ ಮಾತು ತೆಗೆಯಬೇಡಿ. ಮರ್ಯಾದೆ ಕಳೆದುಕೊಂಡೆ ಎಂಬ ಭಾವನೆಯಲ್ಲೇ ಮೂರು ವರ್ಷ ಬದುಕಿದವರು ಅವರು. ಹೀಗೆ ಹೇಳಬಹುದು: ‘ಅಣ್ಣಾ, ನೀನು ಬಿದ್ದು ದುಡಿದದ್ದರಿಂದ ನಾನು ಓದಿದೆ. ಅದನ್ನು ಬದುಕಿರುವವರೆಗೂ ಮರೆಯುವುದಿಲ್ಲ. ಆ ಚೀಲವನ್ನು ಮಾತ್ರ ನಾನು ಇಟ್ಟುಕೊಳ್ಳುವುದಿಲ್ಲ, ವಕೀಲರ ಮೂಲಕ ಒಪ್ಪಿಸುತ್ತಿದ್ದೇನೆ. ನೀನೂ ನನ್ನ ಜೊತೆ ಬಾ. ನಿನ್ನ ಪಕ್ಕದಲ್ಲಿ ನಾನಿರುತ್ತೇನೆ.’ ಚೀಲದ ವಿಷಯದಲ್ಲಿ ಅವರ ಅಪ್ಪಣೆ ಕೇಳಬೇಡಿ, ತೀರ್ಮಾನವನ್ನು ತಿಳಿಸಿ. ಅವರು ಕೂಗಾಡಬಹುದು, ಹಳೆಯ ಉಪಕಾರಗಳನ್ನೆಲ್ಲ ಎಣಿಸಿ ತೋರಿಸಬಹುದು. ಎಣಿಸಿದ್ದೆಲ್ಲ ಸತ್ಯವೇ ಆಗಿರುತ್ತದೆ. ಹೌದೆನ್ನಿ, ಮತ್ತು ಅದೇ ಮಾತನ್ನು ಇನ್ನೊಮ್ಮೆ ಹೇಳಿ.

ತಾವಾಗಿ ಹಾಜರಾದವರನ್ನೂ ಸಿಕ್ಕಿಬಿದ್ದವರನ್ನೂ ನ್ಯಾಯಾಲಯ ಒಂದೇ ರೀತಿಯಲ್ಲಿ ನೋಡಬೇಕಾಗಿಲ್ಲ. ಶರಣಾದದ್ದು, ಮಾಲನ್ನು ಮರಳಿಸಿದ್ದು, ಹಿಂದೆ ಅಪರಾಧಗಳಿಲ್ಲದಿರುವುದು, ದೇಹದ ಸ್ಥಿತಿ, ಇವೆಲ್ಲವನ್ನೂ ಶಿಕ್ಷೆಯನ್ನು ನಿರ್ಧರಿಸುವಾಗ ಗಮನಕ್ಕೆ ತರಬಹುದು. ಆದರೆ ಶಿಕ್ಷೆಯೇ ಆಗುವುದಿಲ್ಲ ಎಂಬ ಭರವಸೆಯನ್ನು ಯಾರಾದರೂ ಕೊಟ್ಟರೆ ನಂಬಬೇಡಿ, ನೀವೂ ಅಣ್ಣನಿಗೆ ಕೊಡಬೇಡಿ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಸಾಮಾನ್ಯವಾಗಿ ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸಲಾಗದಿದ್ದರೂ, ಯಾವ ಹೇಳಿಕೆಯನ್ನು ಯಾವಾಗ, ಯಾರ ಮುಂದೆ ಕೊಡಬೇಕೆಂಬುದನ್ನು ವಕೀಲರು ಹೇಳಿದ ಮೇಲೆಯೇ ಮುಂದುವರಿಯುವುದು ಕ್ಷೇಮ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಅಂಗವೈಕಲ್ಯವಿರುವವರಿಗೂ ಬಂಧನದಲ್ಲಿರುವವರಿಗೂ ಉಚಿತ ಕಾನೂನು ನೆರವು ಸಿಗುತ್ತದೆ. ಸಹಾಯವಾಣಿ 15100.

ಮುಂದಿನ ಬದುಕಿನ ಬಗ್ಗೆ ಈಗಲೇ ಯೋಚಿಸುವುದು ಅಕಾಲಿಕವೆನಿಸಬಹುದು, ಆದರೂ ದಾರಿ ಇದೆಯೆಂದು ಕಾಣದೆ ಅಣ್ಣ ನಿಮ್ಮ ಜೊತೆ ಹೆಜ್ಜೆ ಇಡಲಾರರು. ಕೆಲಸದ ಮೇಲಿದ್ದಾಗ ಆದ ಗಾಯಕ್ಕೆ ಪರಿಹಾರ ಕೇಳಿದ್ದರೇ, ಚಿತ್ರತಂಡ ವಿಮೆ ಮಾಡಿಸಿತ್ತೇ, ಕಲಾವಿದರ ಸಂಘದಲ್ಲಿ ಸದಸ್ಯರಾಗಿದ್ದರೇ ಎಂಬುದು ನಿಮ್ಮ ಪತ್ರದಲ್ಲಿಲ್ಲ. ಇಂಥ ಬೇಡಿಕೆಗಳಿಗೆ ಗಡುವಿರುತ್ತದೆ, ಆದರೆ ಸಕಾರಣವಿದ್ದರೆ ತಡವನ್ನು ಮನ್ನಿಸುವ ಅವಕಾಶವೂ ಇರುವುದರಿಂದ, ಮೂರು ವರ್ಷವಾಯಿತೆಂದು ಕೈಬಿಡದೆ ವಕೀಲರನ್ನು ಕೇಳಿ. ಇಂಗ್ಲೆಂಡಿನ ಡೇವಿಡ್ ಹೋಮ್ಸ್ ಎಂಬ ಸ್ಟಂಟ್ ಕಲಾವಿದರು 2009ರಲ್ಲಿ ಅಭ್ಯಾಸದ ವೇಳೆ ಕುತ್ತಿಗೆ ಮುರಿದುಕೊಂಡು ಎದೆಯಿಂದ ಕೆಳಗೆ ಸ್ವಾಧೀನ ಕಳೆದುಕೊಂಡರು. ಆಮೇಲೆ ಅವರು ತಮ್ಮ ಕಸುಬಿನ ಇತರರನ್ನು ಸಂದರ್ಶಿಸುತ್ತಾ, ಆ ವೃತ್ತಿಯ ಅಪಾಯಗಳನ್ನೂ ಅದರ ಹೆಮ್ಮೆಯನ್ನೂ ಜನರ ಮುಂದಿಡುತ್ತಾ ಬಂದಿದ್ದಾರೆ. ಅವರಂತೆ ಆಗು ಎಂದು ಯಾರನ್ನೂ ಒತ್ತಾಯಿಸಲಾಗದು. ಆದರೆ ಮೈ ಕೈಬಿಟ್ಟರೂ ಕಸುಬು ಉಳಿದಿರುತ್ತದೆ ಎಂಬುದನ್ನು ನಿಮ್ಮ ಅಣ್ಣ ನೋಡಬೇಕು. ಎಲ್ಲಿ ಹಗ್ಗ ಸವೆಯುತ್ತದೆ, ಯಾವ ಎತ್ತರಕ್ಕೆ ಎಷ್ಟು ದೊಡ್ಡ ಏರ್‌ಬ್ಯಾಗ್ ಬೇಕು, ಹೊಸ ಹುಡುಗ ಯಾವ ಕ್ಷಣದಲ್ಲಿ ಹೆದರುತ್ತಾನೆ ಎಂಬುದು ಅವರಿಗೆ ತಿಳಿದಿದೆ. ಸ್ಟಂಟ್ ಸುರಕ್ಷತೆಗೂ, ಎತ್ತರದಲ್ಲಿ ದುಡಿಯುವ ಕಟ್ಟಡ ಕೆಲಸಗಾರರ ತರಬೇತಿಗೂ ಬೇಕಾದದ್ದು ಇದೇ ಅರಿವು. ಪ್ರಕರಣ ದಾಖಲಾದ ಮೇಲೆ ಈ ಬಾಗಿಲುಗಳು ಸುಲಭವಾಗಿ ತೆರೆಯುವುದಿಲ್ಲ ಎಂಬುದೂ ನಿಜ, ಅದಕ್ಕೆ ತಾಳ್ಮೆ ಬೇಕಾಗುತ್ತದೆ. ಅಲ್ಲಿಯವರೆಗೆ ನಿಮ್ಮ ಸಂಬಳದ ಒಂದು ಭಾಗ ಅಣ್ಣನ ಚಿಕಿತ್ಸೆಗೆ ಹೋಗಲಿ, ನಿಮ್ಮ ಋಣ ಸಲ್ಲಬೇಕಾದದ್ದು ಹಾಗೆ. ನೋವಿಗೂ ಮನಸ್ಸಿಗೂ ವೈದ್ಯರ ನೆರವು ಬೇಕು. ಮಾತನಾಡಲು ಯಾರೂ ಸಿಗದ ಹೊತ್ತಿನಲ್ಲಿ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಅವರೂ ಕರೆ ಮಾಡಬಹುದು, ನೀವೂ ಮಾಡಬಹುದು.

ಇಷ್ಟೆಲ್ಲ ಆದ ಮೇಲೂ ಅವರು ಒಪ್ಪದಿದ್ದರೆ, ಅಥವಾ ಒಪ್ಪಿದಂತೆ ಮಾಡಿ ಮತ್ತೆ ರಾತ್ರಿ ಹೊರಟರೆ, ನೀವು ಪೊಲೀಸರಿಗೆ ತಿಳಿಸಬೇಕು. ರಾತ್ರಿ ಮನೆಗೆ ನುಗ್ಗುವಂಥ ಅಪರಾಧಗಳ ವಿಷಯ ಗೊತ್ತಿದ್ದವರು ಸಕಾರಣವಿಲ್ಲದೆ ಮೌನವಾಗಿರಬಾರದು ಎಂಬ ನಿಯಮವೇ ಕಾನೂನಿನಲ್ಲಿದೆ. ಆದರೆ ನಾನು ಹೇಳುತ್ತಿರುವುದು ಅದಕ್ಕಾಗಿ ಅಲ್ಲ. ಇನ್ನೊಂದು ಮನೆಯ ಬೀಗ ಒಡೆಯುವುದನ್ನೂ, ಅಣ್ಣ ಇನ್ನೊಮ್ಮೆ ಬೀಳುವುದನ್ನೂ ಒಟ್ಟಿಗೇ ತಡೆಯಬಲ್ಲವರು ಸದ್ಯಕ್ಕೆ ನೀವೊಬ್ಬರೇ. ವಕೀಲರ ಮೂಲಕವೇ ತಿಳಿಸಿ, ಮತ್ತು ಅದಕ್ಕೂ ಮೊದಲು ಅಣ್ಣನ ಶಸ್ತ್ರಚಿಕಿತ್ಸೆಯ ವರದಿ, ಎಕ್ಸ್‌ರೇಗಳು, ತೆಗೆದುಕೊಳ್ಳುತ್ತಿರುವ ಔಷಧಗಳ ಚೀಟಿ ಎಲ್ಲವನ್ನೂ ಒಂದು ಫೈಲಿನಲ್ಲಿ ಜೋಡಿಸಿ, ಅದರ ನಕಲನ್ನು ವಕೀಲರಿಗೆ ಕೊಡಿ. ಬಂಧಿತರನ್ನು ವೈದ್ಯಕೀಯ ಪರೀಕ್ಷೆಗೆ ಒಳಪಡಿಸುವಾಗ, ಜಾಮೀನು ಕೇಳುವಾಗ, ಠಾಣೆಯಲ್ಲಿದ್ದಷ್ಟು ಹೊತ್ತೂ ಅವರಿಗೆ ಮಾತ್ರೆ ತಪ್ಪದಂತೆ ನೋಡಿಕೊಳ್ಳುವಾಗ ಆ ಕಾಗದಗಳು ಬೇಕಾಗುತ್ತವೆ.