ಕಪ್ಪುಗಳನ್ನು ಎಣಿಸಿದ ಮೇಷ್ಟ್ರಿಗೆ

*"ಕಳೆದ ಸಂಚಿಕೆಯಲ್ಲಿ ಇವಿಕಾ ಓಸಿಮ್ ಎಂಬ ಬೋಸ್ನಿಯಾದ ಫುಟ್‌ಬಾಲ್ ಕೋಚ್‌ಗೆ ನಾಲ್ಕು ಪುಟ ಕೊಟ್ಟಿದ್ದೀರಿ. ಕೂತು ಲೆಕ್ಕ ಹಾಕಿದೆ. 1978ರಿಂದ 2007ರವರೆಗೆ ಕೋಚ್ ಆಗಿದ್ದವರು ಗೆದ್ದ ಲೀಗ್ ಎರಡೇ, ಅವೂ ಆಸ್ಟ್ರಿಯಾದಲ್ಲಿ. 1992ರ ಯೂರೋ ಕಪ್ಪಿಗೆ ಮೂರು ವಾರವೂ ಇಲ್ಲದಿರುವಾಗ ಯುಗೊಸ್ಲಾವಿಯಾದ ರಾಷ್ಟ್ರೀಯ ತಂಡವನ್ನು ನಡುನೀರಿನಲ್ಲಿ ಬಿಟ್ಟರು. ಆಟದಲ್ಲಿ ರಾಜಕೀಯ ಯಾಕೆ? ನನ್ನ ಶಾಲೆಯಲ್ಲಿ ಹದಿನೆಂಟು ಹುಡುಗರಿದ್ದಾರೆ, ಚೆಂಡು ಒಂದೇ. ಈ ಲೇಖನದಿಂದ ಅವರಿಗೇನು ಪ್ರಯೋಜನ?"*
— ದೈಹಿಕ ಶಿಕ್ಷಕರೊಬ್ಬರು, ಉತ್ತರ ಕನ್ನಡ ಜಿಲ್ಲೆ

ಮೇಷ್ಟ್ರೇ, ನಿಮ್ಮ ಲೆಕ್ಕ ಸರಿಯಾಗಿಯೇ ಇದೆ. ಅದಕ್ಕೆ ಇನ್ನೂ ನಾಲ್ಕು ಹಿನ್ನಡೆ ಸೇರಿಸಬಹುದು. ಬೋಸ್ನಿಯಾ ಆಗ ಯುಗೊಸ್ಲಾವಿಯಾದ ಭಾಗ. 1981ರ ಯುಗೊಸ್ಲಾವ್ ಕಪ್ ಫೈನಲ್‌ನಲ್ಲಿ ಅವರ ಸರಾಯೆವೊದ ಜೆಲ್ಯೆಜ್ನಿಚಾರ್ ತಂಡ ಮೊಸ್ತಾರಿನ ವೆಲೆಜ್‌ಗೆ 2-3ರಿಂದ ಸೋತಿತು. 1985ರಲ್ಲಿ ಯುರೋಪಿನ ಕ್ಲಬ್‌ಗಳ ಯುಇಎಫ್‌ಎ ಕಪ್ ಸೆಮಿಫೈನಲ್‌ನಲ್ಲಿ ಫೈನಲ್ ಇನ್ನೇನು ಕೈಗೆ ಬಂತು ಎನ್ನುವಾಗ ಹಂಗೇರಿಯ ವಿಡಿಯೊಟಾನ್ 87ನೇ ನಿಮಿಷದಲ್ಲಿ ಗೋಲು ಹೊಡೆಯಿತು. 2007ರ ಏಷ್ಯಾ ಕಪ್ಪಿನಲ್ಲಿ ಅವರು ಕೋಚ್ ಆಗಿದ್ದ ಜಪಾನಿಗೆ ನಾಲ್ಕನೇ ಸ್ಥಾನ. ಅವರು ಬಿಟ್ಟ ಮೂರು ವರ್ಷಕ್ಕೆ ಜಪಾನಿನ ಜೆಫ್ ಯುನೈಟೆಡ್ ಕ್ಲಬ್ ಎರಡನೇ ದರ್ಜೆಗೆ ಇಳಿಯಿತು. ಇದನ್ನೆಲ್ಲ ಮುಚ್ಚಿಡುವ ಉದ್ದೇಶ ನಮಗಿಲ್ಲ.

ಆದರೆ ಫಸಲು ಬಂದಮೇಲೆ ಮೂಟೆ ಎಣಿಸಿ ಬೇಸಾಯಗಾರನ ಕೈಗುಣ ಹೇಳುವವರ ಹಾಗಾಯಿತು ಇದು. ಅವನಿಗೆ ಸಿಕ್ಕ ನೆಲ ಯಾವುದು ಎಂದು ಮೊದಲು ಕೇಳಬೇಡವೇ? ಆಸ್ಟ್ರಿಯಾದ ಗ್ರಾಜ್ ನಗರದ ಸ್ಟುರ್ಮ್ ಕ್ಲಬ್ ಹುಟ್ಟಿದ್ದು 1909ರಲ್ಲಿ. ಓಸಿಮ್ ಅಲ್ಲಿಗೆ ಬಂದ 1994ರವರೆಗೂ ಅದು ಒಂದೇ ಒಂದು ಲೀಗ್ ಗೆದ್ದಿರಲಿಲ್ಲ. 1998ರಲ್ಲಿ ಮೊದಲ ಸಲ, 1999ರಲ್ಲಿ ಮತ್ತೆ ಗೆದ್ದಿತು. ನೀವು "ಎರಡೇ" ಎಂದು ಬರೆದದ್ದು ಆ ಊರಿನವರಿಗೆ ಸುಮಾರು ತೊಂಬತ್ತು ವರ್ಷ ಕಾದು ಸಿಕ್ಕ ಎರಡು.

ಯಾವ ಕಪ್ಪಿನ ಪಟ್ಟಿಗೂ ಸೇರದ ಒಂದು ಸಾಧನೆ ಹೇಳುತ್ತೇನೆ. 2000-01ರ ಚಾಂಪಿಯನ್ಸ್ ಲೀಗ್‌ನಲ್ಲಿ ಸ್ಟುರ್ಮ್ ಇದ್ದ ಗುಂಪಿನಲ್ಲಿ ಗಲಾತಸರಾಯ್, ಗ್ಲಾಸ್ಗೊ ರೇಂಜರ್ಸ್, ಮೊನಾಕೊ ಇದ್ದವು. ರೇಂಜರ್ಸ್ ಮೈದಾನದಲ್ಲಿ 0-5, ಮೊನಾಕೊದಲ್ಲಿ ಮತ್ತೆ 0-5. ಇಂಥ ಎರಡು ಪೆಟ್ಟು ತಿಂದ ತಂಡ ಸಾಮಾನ್ಯವಾಗಿ ಮಕಾಡೆ ಮಲಗುತ್ತದೆ. ಸ್ಟುರ್ಮ್ ತನ್ನೂರಿನ ಮೂರೂ ಪಂದ್ಯ ಗೆದ್ದಿತು: 3-0, 2-0, 2-0. ಇಸ್ತಾಂಬುಲ್‌ನಲ್ಲಿ 2-2. ಹೊಡೆದ ಗೋಲು ಒಂಬತ್ತು, ಬಿಟ್ಟುಕೊಟ್ಟದ್ದು ಹನ್ನೆರಡು, ಅಂಕ ಹತ್ತು, ಗುಂಪಿನಲ್ಲಿ ಮೊದಲ ಸ್ಥಾನ. ಐದು ಗೋಲು ತಿಂದ ಹುಡುಗರನ್ನು ಮುಂದಿನ ಪಂದ್ಯಕ್ಕೆ ತಲೆ ಎತ್ತಿಸಿ ಇಳಿಸಬಲ್ಲವನು ನನ್ನ ಲೆಕ್ಕದಲ್ಲಿ ದೊಡ್ಡ ಕೋಚ್.

ಇದು ಸಾಧ್ಯವಾದದ್ದು ಭಾಷಣದಿಂದಲ್ಲ, ಅಭ್ಯಾಸದಿಂದ. ಸರಾಯೆವೊ ವಿಶ್ವವಿದ್ಯಾಲಯದಲ್ಲಿ ಗಣಿತಕ್ಕೆ ಸೇರಿ, ಫುಟ್‌ಬಾಲ್‌ಗಾಗಿ ಅದನ್ನು ಬಿಟ್ಟವರು ಓಸಿಮ್. ಉತ್ತರ ಬಾಯಿಪಾಠ ಮಾಡಿದ ಹುಡುಗ ಲೆಕ್ಕದ ಅಂಕಿ ಬದಲಾದ ಕೂಡಲೇ ತಬ್ಬಿಬ್ಬಾಗುತ್ತಾನೆ. ಮೈದಾನದಲ್ಲಿ ಅಂಕಿ ಪ್ರತಿ ಸೆಕೆಂಡೂ ಬದಲಾಗುತ್ತದೆ. ಅದಕ್ಕೇ ಅವರ ಅಭ್ಯಾಸ ದಿನದಿನಕ್ಕೂ ಬೇರೆ ಇರುತ್ತಿತ್ತು. 2003ರಲ್ಲಿ ಜಪಾನಿನ ಜೆಫ್ ಯುನೈಟೆಡ್‌ಗೆ ಬಂದಾಗ ಆಟಗಾರರ ತಲೆ ತಿರುಗಿಸಿದ್ದು ಅವರ ಬಣ್ಣಬಣ್ಣದ ಬಿಬ್‌ಗಳು, ಅಂದರೆ ಗುರುತಿಗಾಗಿ ಅಂಗಿಯ ಮೇಲೆ ತೊಡುವ ತೋಳಿಲ್ಲದ ಮೇಲಂಗಿಗಳು. ಬೇರೆ ಕೋಚ್‌ಗಳು ಎರಡು ಬಣ್ಣದಲ್ಲಿ ಮುಗಿಸುವುದನ್ನು ಇವರು ನಾಲ್ಕು, ಐದು, ಇನ್ನೂ ಹೆಚ್ಚು ಬಣ್ಣಕ್ಕೆ ಒಯ್ದರು.

ಆ ಬಗೆಯ ಅಭ್ಯಾಸವನ್ನು ಸರಳವಾಗಿ ಹೀಗೆ ಮಾಡಿಸಬಹುದು. ಹನ್ನೆರಡು ಜನ, ನಾಲ್ಕು ಬಣ್ಣ, ಬಣ್ಣಕ್ಕೆ ಮೂವರು. ಮೂವತ್ತು ಮೀಟರ್ ಉದ್ದ, ಇಪ್ಪತ್ತು ಮೀಟರ್ ಅಗಲದ ಚೌಕ. ಮೊದಲ ನಿಯಮ, ನಿನ್ನದೇ ಬಣ್ಣದವನಿಗೆ ಪಾಸ್ ಕೊಡಬಾರದು. ಅದು ರೂಢಿಯಾದ ಮೇಲೆ ಎರಡನೆಯದು, ಯಾವ ಬಣ್ಣದಿಂದ ಚೆಂಡು ಬಂತೋ ಆ ಬಣ್ಣಕ್ಕೆ ವಾಪಸ್ ಕೊಡಬಾರದು. ಆಮೇಲೆ ಎರಡೇ ಟಚ್, ಕೊನೆಗೆ ಒಂದೇ. ಪಾಸ್ ಕೊಟ್ಟವನು ನಿಂತಲ್ಲೇ ನಿಲ್ಲದೆ ಐದಾರು ಹೆಜ್ಜೆ ಓಡಿ ಹೊಸ ಜಾಗ ಹಿಡಿಯಬೇಕು. ನಾಲ್ಕು ನಿಮಿಷ ಆಟ, ಎರಡು ನಿಮಿಷ ಬಿಡುವು. ಬಿಡುವು ಕಡ್ಡಾಯ, ಏಕೆಂದರೆ ಇಲ್ಲಿ ಕಾಲಿಗಿಂತ ಮೊದಲು ತಲೆ ದಣಿಯುತ್ತದೆ.

ಕೆಡುವುದು ಎಲ್ಲಿ? ಚೆಂಡು ಕಾಲಿಗೆ ತಾಗಿದ ಮೇಲೆ ಹುಡುಗ ತಲೆ ಎತ್ತುತ್ತಾನೆ, ಅಷ್ಟರಲ್ಲಿ ಹೊತ್ತು ಮೀರಿರುತ್ತದೆ. ಚೆಂಡು ಇನ್ನೂ ದಾರಿಯಲ್ಲಿರುವಾಗಲೇ ತಾನು ಕೊಡಲಿರುವ ಬಣ್ಣವನ್ನು ಅವನು ಕೂಗಿ ಹೇಳಲಿ. ಆಗ ಕಣ್ಣು ತಾನಾಗಿ ಮೇಲೇಳುತ್ತದೆ. ಎಲ್ಲರೂ ನಡುವೆ ಗುಂಪುಗೂಡಿದರೆ, ಪಾಸ್ ಕೊಟ್ಟವರು ಓಡುತ್ತಿಲ್ಲ ಅಥವಾ ಚೌಕ ಚಿಕ್ಕದಾಯಿತು ಎಂದರ್ಥ. ಒಂದು ನಿಯಮ ಪಳಗುವ ಮುಂಚೆ ಇನ್ನೊಂದನ್ನು ಹೇರಿದರೆ ಎರಡೂ ಕೆಡುತ್ತವೆ. ಎಲ್ಲಕ್ಕಿಂತ ದೊಡ್ಡ ತಪ್ಪು ಗೆರೆಯಾಚೆ ನಿಂತು "ಅವನಿಗೆ ಕೊಡೋ, ಇವನಿಗೆ ಕೊಡೋ" ಎಂದು ಅರಚುವ ಕೋಚ್‌ನದು. ಅವನು ಕೂಗಿದಷ್ಟೂ ಹುಡುಗ ಯೋಚಿಸುವುದನ್ನು ಬಿಡುತ್ತಾನೆ.

ಓಸಿಮ್ ಇಪ್ಪತ್ತೊಂದರ ಯೂಕಿ ಅಬೆಯನ್ನು ನಾಯಕನನ್ನಾಗಿ ಮಾಡಿದರು. ಹೆಸರು ಪತ್ರಿಕೆಯಲ್ಲಿ ಬಾರದಿದ್ದರೂ ಬೇರೆಯವರಿಗಾಗಿ ಓಡುವ ಆಟಗಾರರನ್ನು "ನೀರು ಹೊರುವವರು" ಎಂದು ಕರೆದು, ಅವರಿಲ್ಲದೆ ತಂಡವಿಲ್ಲ ಎಂದರು. ಹಳ್ಳಿಯ ಮದುವೆಮನೆ ನೋಡಿದ ಯಾರಿಗೂ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. 2005ರಲ್ಲಿ ಗಾಂಬಾ ಒಸಾಕಾವನ್ನು ಪೆನಾಲ್ಟಿಯಲ್ಲಿ ಸೋಲಿಸಿ ಜೆಫ್ ತನ್ನ ಈ ಹೆಸರಿನಲ್ಲಿ ಮೊದಲ ಕಪ್ ಎತ್ತಿತು. 2006ರಲ್ಲಿ ಓಸಿಮ್ ಜಪಾನಿನ ರಾಷ್ಟ್ರೀಯ ತಂಡಕ್ಕೆ ಹೋದರು, ಮಗ ಅಮರ್ ಕೋಚ್ ಆದರು, ಅದೇ ಕಪ್ಪನ್ನು ತಂಡ ಮತ್ತೆ ಗೆದ್ದಿತು.

ಇನ್ನು ನಿಮ್ಮ ಎರಡನೇ ಮಾತು. ಇಲ್ಲಿ ನಿಮ್ಮ ಮೇಲೆ ಸ್ವಲ್ಪ ಬೇಸರವಿದೆ. ಓಸಿಮ್ ಹುಟ್ಟಿದ್ದು 1941ರಲ್ಲಿ, ಸರಾಯೆವೊದಲ್ಲಿ. "ಗ್ರ್ಬಾವಿತ್ಸಾದ ಸ್ಟ್ರಾಸ್" ಎಂದು ಜನ ಅವರನ್ನು ಕರೆಯುತ್ತಿದ್ದರು. ಗ್ರ್ಬಾವಿತ್ಸಾ ಜೆಲ್ಯೆಜ್ನಿಚಾರ್ ಮೈದಾನವಿರುವ ಬಡಾವಣೆ, ಸ್ಟ್ರಾಸ್ ವಾಲ್ಟ್ಜ್‌ಗಳ ಸಂಗೀತಗಾರ. ಅವರ ಆಟಕ್ಕೆ ಅಂಥ ಲಯವಿತ್ತು. ಯುಗೊಸ್ಲಾವಿಯಾ ಒಡೆಯುತ್ತಿದ್ದ 1992ರ ಏಪ್ರಿಲ್‌ನಲ್ಲಿ ಸರಾಯೆವೊಗೆ ಮುತ್ತಿಗೆ ಬಿತ್ತು. ಆಗ ಅವರು ಯುಗೊಸ್ಲಾವಿಯಾದ ರಾಷ್ಟ್ರೀಯ ತಂಡದ ಜೊತೆಗೆ ರಾಜಧಾನಿ ಬೆಲ್‌ಗ್ರೇಡಿನ ಪಾರ್ಟಿಜಾನ್‌ಗೂ ಕೋಚ್. ಪಾರ್ಟಿಜಾನ್ 1945ರಲ್ಲಿ ಯುಗೊಸ್ಲಾವ್ ಸೈನ್ಯದ ಕ್ಲಬ್ ಆಗಿಯೇ ಹುಟ್ಟಿದ್ದು. ಅದೇ ಸೈನ್ಯದ ಫಿರಂಗಿಗಳು ಅವರು ಹುಟ್ಟಿದ ಊರಿನತ್ತ ತಿರುಗಿದ್ದವು. ಹೆಂಡತಿ ಆಸಿಮಾ, ಮಗಳು ಊರೊಳಗೆ ಸಿಕ್ಕಿಬಿದ್ದಿದ್ದರು. ಅವರು ಹೊರಬರಲು ಎರಡು ವರ್ಷಕ್ಕೂ ಹೆಚ್ಚು ಹಿಡಿಯಿತು. ಮೇ 21ರಂದು ಪಾರ್ಟಿಜಾನ್ ರೆಡ್ ಸ್ಟಾರನ್ನು ಹಿಂದಿಕ್ಕಿ ಕಪ್ ಗೆದ್ದಿತು. 23ರಂದು ಓಸಿಮ್ ರಾಷ್ಟ್ರೀಯ ತಂಡವನ್ನು ಬಿಟ್ಟರು. ನನ್ನ ಊರಿಗಾಗಿ ನಾನು ಮಾಡಬಹುದಾದದ್ದು ಇದೊಂದೇ, ನಾನು ಸರಾಯೆವೊದಲ್ಲಿ ಹುಟ್ಟಿದವನು, ಅಲ್ಲಿ ಏನಾಗುತ್ತಿದೆ ಎಂದು ನಿಮಗೆ ಗೊತ್ತು ಎಂಬುದು ಅವರ ಮಾತಿನ ಸಾರ. ಒಂದು ವಾರಕ್ಕೆ ವಿಶ್ವಸಂಸ್ಥೆಯ ನಿರ್ಬಂಧ ಬಂತು, ಯುಗೊಸ್ಲಾವಿಯಾವನ್ನು ಯೂರೋದಿಂದ ಕೈಬಿಟ್ಟರು, ಆ ಜಾಗಕ್ಕೆ ಬಂದ ಡೆನ್ಮಾರ್ಕ್ ಕಪ್ಪನ್ನೇ ಗೆದ್ದಿತು.

ಇದರಲ್ಲಿ ಹೇಡಿತನ ಎಲ್ಲಿದೆ ಹೇಳಿ. ರಾಜಕೀಯವನ್ನು ಆಟಕ್ಕೆ ತಂದದ್ದು ಫಿರಂಗಿ ಹೂಡಿದವರು. ಎರಡು ವರ್ಷ ಹಿಂದೆ, 1990ರ ವಿಶ್ವಕಪ್ ಕ್ವಾರ್ಟರ್‌ಫೈನಲ್‌ನಲ್ಲಿ, ಇದೇ ಓಸಿಮ್ ಸರ್ಬ್, ಕ್ರೊಯಾಟ್, ಬೋಸ್ನಿಯಾಕ್, ಮಾಂಟೆನೆಗ್ರೊದ ಹುಡುಗರನ್ನು ಒಂದೇ ಅಂಗಿಯಲ್ಲಿ ಆಡಿಸಿದ್ದರು. 31ನೇ ನಿಮಿಷದಲ್ಲಿ ಒಬ್ಬನಿಗೆ ಕೆಂಪು ಕಾರ್ಡ್ ಬಿದ್ದರೂ ಮರಡೋನಾನ ಅರ್ಜೆಂಟೀನಾಕ್ಕೆ ಹತ್ತೇ ಜನ ಹೆಚ್ಚುವರಿ ಅವಧಿ ಮುಗಿಯುವತನಕ ಒಂದು ಗೋಲನ್ನೂ ಕೊಡಲಿಲ್ಲ. ಸೋತದ್ದು ಪೆನಾಲ್ಟಿಯಲ್ಲಿ. 2011ರಲ್ಲಿ, ಮೂರು ಸಮುದಾಯಕ್ಕೆ ಮೂವರು ಅಧ್ಯಕ್ಷರು ಎಂಬ ಪದ್ಧತಿಯಿಂದಾಗಿ ಬೋಸ್ನಿಯಾದ ಫುಟ್‌ಬಾಲ್ ಸಂಸ್ಥೆಯನ್ನು ಫಿಫಾ ಅಮಾನತು ಮಾಡಿದಾಗ, ಪಾರ್ಶ್ವವಾಯು ಬಡಿದು ನಾಲ್ಕು ವರ್ಷವೂ ಕಳೆಯದ ಈ ಮನುಷ್ಯನೇ ಸಮಿತಿಯ ಮುಂದಾಳಾಗಿ ಎಲ್ಲರನ್ನೂ ಒಪ್ಪಿಸಿದರು. 2014ರಲ್ಲಿ ಬೋಸ್ನಿಯಾ ಮೊದಲ ಬಾರಿಗೆ ವಿಶ್ವಕಪ್ ಆಡಿತು.

ನಮ್ಮ ಪತ್ರಿಕೆಗಳಲ್ಲಿ ಇದು ಯಾವುದೂ ಬರುವುದಿಲ್ಲ ಎಂಬುದೇ ನನ್ನ ಸಂಕಟ. ಬರುವುದು ಅಂಕಿ, ಆಟಗಾರರ ಬೆಲೆ, ನಾಲ್ಕು ಪಂದ್ಯ ಸೋತ ಕೋಚ್‌ನ ವಜಾ. ಯುಗೊಸ್ಲಾವಿಯಾ ನಮಗೆ ದೂರದ ಊರೂ ಅಲ್ಲ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ನಮ್ಮನ್ನು 10-1ರಿಂದ ಸೋಲಿಸಿದವರು ಅವರೇ. ನಾಲ್ಕು ವರ್ಷಕ್ಕೆ ಮೆಲ್ಬರ್ನ್ ಒಲಿಂಪಿಕ್ಸ್‌ನ ಸೆಮಿಫೈನಲ್‌ನಲ್ಲಿ ಅವರೆದುರು ಮೊದಲ ಗೋಲು ಹೊಡೆದದ್ದು ನಮ್ಮ ನೆವಿಲ್ ಡಿಸೋಜಾ. ಕೊನೆಗೆ 1-4ರಿಂದ ಸೋತರೂ ಅಲ್ಲಿಯತನಕ ಹೋದ ಆ ತಂಡದಲ್ಲಿ ನಮ್ಮ ಕೆಂಪಯ್ಯನವರೂ ಇದ್ದರು. ಕರ್ನಾಟಕದ ಎಷ್ಟು ಶಾಲೆಗಳಲ್ಲಿ ಆ ಹೆಸರು ಕೇಳಿಸುತ್ತದೆ? ಪರೀಕ್ಷೆ ಹತ್ತಿರ ಬಂದರೆ ಪಿ.ಟಿ. ಪೀರಿಯಡ್ ಗಣಿತದ ಪಾಲಾಗುತ್ತದೆ. ತಪ್ಪು ಮಾಡಿದವನಿಗೆ ಮೈದಾನ ಸುತ್ತುವ ಶಿಕ್ಷೆ ಕೊಡುತ್ತೇವೆ. ಓಟವನ್ನೇ ಶಿಕ್ಷೆ ಮಾಡಿಟ್ಟು, ನಮ್ಮ ಹುಡುಗರು ಯಾಕೆ ಓಡುವುದಿಲ್ಲ ಎಂದು ಕೇಳುತ್ತೇವೆ. ಇಷ್ಟರ ನಡುವೆ ಹದಿನೆಂಟು ಹುಡುಗರನ್ನು ಹಿಡಿದಿಟ್ಟುಕೊಂಡ ನಿಮ್ಮಂಥವರು ಕಪ್ ಎಣಿಸಲು ಕೂರಬಾರದು.

ನಿಮ್ಮ ಹುಡುಗರಿಗೆ ಹೀಗೆ ಮಾಡಿ. ಮೂರು ಬಣ್ಣ, ಬಣ್ಣಕ್ಕೆ ಆರು. ಬಿಬ್‌ಗೆ ದುಡ್ಡು ಬೇಡ, ಹಳೆಯ ಪಂಚೆ ಹರಿದು ಕೆಂಪು, ಹಳದಿ ಬಣ್ಣ ಅದ್ದಿ ಎದೆಗೆ ಅಡ್ಡಲಾಗಿ ಕಟ್ಟಿ. ಮೂರನೆಯದು ಬಿಳಿಯೇ ಇರಲಿ. ನಲವತ್ತಕ್ಕೆ ಮೂವತ್ತು ಮೀಟರ್ ಚೌಕಕ್ಕೆ ಸುಣ್ಣದ ಗೆರೆ ಎಳೆಯಿರಿ. ಎರಡು ಬಣ್ಣದ ಹನ್ನೆರಡು ಜನ ಸೇರಿ ಚೆಂಡು ಉಳಿಸಿಕೊಳ್ಳಬೇಕು, ಮೂರನೆಯ ಬಣ್ಣದ ಆರು ಜನ ಕಸಿಯಬೇಕು. ಯಾವ ಬಣ್ಣದವನ ತಪ್ಪಿನಿಂದ ಚೆಂಡು ಹೋಯಿತೋ ಆ ಬಣ್ಣದ ಆರೂ ಜನ ತಕ್ಷಣ ಕಸಿಯುವವರಾಗಬೇಕು. ಮೊದಲ ದಿನ ಯಾರು ಯಾರ ಕಡೆ ಎಂದು ತಿಳಿಯದೆ ಗಲಾಟೆಯಾಗುತ್ತದೆ. ಆಟ ನಿಲ್ಲಿಸಬೇಡಿ, ಬಣ್ಣದ ಹೆಸರು ಮಾತ್ರ ಕೂಗಿ. ಎರಡನೇ ವಾರದ ಹೊತ್ತಿಗೆ ನೀವು ಕೂಗುವ ಮುಂಚೆಯೇ ತಿರುಗಿ ಓಡುವವರು ಎಷ್ಟು ಜನ ಎಂದು ಎಣಿಸಿ ಬರೆದು ಕಳುಹಿಸಿ. ಆ ಅಂಕಿಯನ್ನು ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.